ಕೆಸರುಹೊಂಡಕ್ಕೊಬ್ಬ ಯಜಮಾನ ಬೇಕು

ನಮ್ಮ ತೋಟದ ಮೇಲಿನ ಗುಡ್ಡೆಯಲ್ಲಿ ಆರು ವರ್ಷ ಮುರಕಲ್ಲಿನ ಕೋರೆ ನಡೆಯಿತು. ಕಲ್ಲು ಮುಗಿದ ಮೇಲೆ ಕೋರೆಯವರು ಸುಮ್ಮನೆ ಹೋಗಲಿಲ್ಲ. ಗುಂಡಿಯ ಅರ್ಧಕ್ಕೆ ಕಲ್ಲಿನ ಪುಡಿ, ಮಣ್ಣು ತುಂಬಿಸಿದರು. ಮೇಲೆ ನಾಲ್ಕು ಸಾಲು ಅಕೇಶಿಯಾ ನೆಟ್ಟರು. ಕೆಳಗಿನ ಮೂಲೆಯಲ್ಲಿ ಜೇಸಿಬಿಯಿಂದ ಒಂದು ಹೊಂಡ ತೋಡಿಸಿ, "ಇನ್ನು ನಿಮ್ಮ ತೋಟಕ್ಕೆ ಒಂದು ಹಿಡಿ ಮಣ್ಣೂ ಬರ್ಲಿಕ್ಕಿಲ್ಲ ಭಟ್ರೇ, ಎಲ್ಲ ಇದರಲ್ಲೇ ನಿಲ್ತದೆ" ಎಂದರು. ನಾನೂ ಒಪ್ಪಿದೆ. ಇಷ್ಟಾದರೂ ಮಾಡಿದರಲ್ಲ ಅಂತ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದೆ.

ಮೊದಲ ಮಳೆಗಾಲ ಹೊಂಡ ಚೆನ್ನಾಗಿಯೇ ಕೆಲಸ ಮಾಡಿತು. ಎರಡನೇ ಮಳೆಗಾಲದ ಕೊನೆಗೆ ಅದು ದಂಡೆ ಮಟ್ಟಕ್ಕೆ ತುಂಬಿತ್ತು, ನೀರಿನಿಂದ ಅಲ್ಲ, ಹೂಳಿನಿಂದ. ಹೂಳು ತೆಗೆಯಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಮೂರನೆಯದು 2019. ಆ ಆಗಸ್ಟಿನ ಮಳೆ ಎಲ್ಲರಿಗೂ ನೆನಪಿರಬಹುದು. ಒಂದು ರಾತ್ರಿ ಹೊಂಡದ ದಂಡೆ ಒಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ಕೆಳಗಿನ ಅಡಿಕೆ ತೋಟದ ಕಣಿಗಳೇ ಕಾಣುತ್ತಿರಲಿಲ್ಲ. ಸುಮಾರು ಅರುವತ್ತು ಮರಗಳ ಬುಡದಲ್ಲಿ ಮೊಣಕಾಲಿನವರೆಗೆ ಬಿಳಿ ಕೆಸರು. ಕೆರೆಯ ನೀರು ಹಾಲಿನ ಹಾಗೆ. ಆ ಬೇಸಿಗೆಯಲ್ಲಿ ಸ್ಪ್ರಿಂಕ್ಲರಿನ ಜೆಟ್ ಬಿಚ್ಚಿ ಊದಿದ್ದೇ ಊದಿದ್ದು.

ಕಣಿ ಮುಚ್ಚಿದ ತೋಟದಲ್ಲಿ ಅಡಿಕೆ ಬೇರಿಗೆ ಉಸಿರಾಟ ಇಲ್ಲ. ಎರಡು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮರ ಹಳದಿಯಾಗಿ ಹೋದವು. ಉಳಿದವು ಇಂದಿಗೂ ಮೊದಲಿನ ಫಸಲು ಕೊಟ್ಟಿಲ್ಲ.

ಇದನ್ನು ಕೋರೆಯವರ ಮೇಲೆ ದೂರು ಹೇಳಲಿಕ್ಕೆ ಬರೆಯುತ್ತಿಲ್ಲ. ನನ್ನ ಮನೆಯ ಗೋಡೆಯೂ ಮುರಕಲ್ಲಿನದ್ದೇ. ಗುಡ್ಡೆಯನ್ನು ಕೋರೆಗೆ ಕೊಡುವವರೂ ಹೆಚ್ಚಿನ ಕಡೆ ನಮ್ಮ ನಿಮ್ಮಂಥ ಕೃಷಿಕರೇ. ನನಗೆ ಹೇಳಲಿಕ್ಕಿರುವುದು ಒಂದೇ. ಕೋರೆ ಮುಚ್ಚಿ ಗಿಡ ನೆಟ್ಟರೆ ಕೆಲಸ ಮುಗಿಯಲಿಲ್ಲ. ಮಳೆ ನೀರಿಗೆ ದಾರಿ, ಕೆಸರಿಗೆ ಹೊಂಡ, ಆ ಹೊಂಡಕ್ಕೆ ಒಬ್ಬ ಯಜಮಾನ, ಈ ಮೂರೂ ಇರಬೇಕು. ಮೊದಲಿನ ಎರಡು ಕೆಲವು ಕಡೆಯಾದರೂ ಉಂಟು. ಮೂರನೆಯದು ಎಲ್ಲೂ ಕಾಣುವುದಿಲ್ಲ.

ಕಲ್ಲಿನಡಿಯ ಶೇಡಿ

ಕರಾವಳಿಯ ಗುಡ್ಡೆ ಹೇಗಿದೆ ಅಂತ ಬಾವಿ ತೋಡಿದ ಯಾರನ್ನೂ ಕೇಳಿ. ಮೇಲೆ ಒಂದೆರಡು ಅಡಿ ಮಣ್ಣು. ಅದರಡಿ ಮುರಕಲ್ಲಿನ ಗಟ್ಟಿ ಹೊದಿಕೆ. ಕಲ್ಲಿನಡಿ ಬಿಳಿ, ಗುಲಾಬಿ, ಹಳದಿ ಬಣ್ಣದ ಮೆತ್ತನೆಯ ಶೇಡಿ ಮಣ್ಣು. ಒಣಗಿದಾಗ ಶೇಡಿ ಗೋಡೆಯ ಹಾಗೆ ನಿಲ್ಲುತ್ತದೆ. ನೀರು ತಾಗಿದರೆ ಸಕ್ಕರೆಯ ಹಾಗೆ ಕರಗುತ್ತದೆ. ಗುಡ್ಡೆ ಇಷ್ಟು ವರ್ಷ ನಿಂತದ್ದು ಮೇಲಿನ ಕಲ್ಲಿನ ಟೊಪ್ಪಿಯಿಂದ. ಕೋರೆ ಎಂದರೆ ಆ ಟೊಪ್ಪಿ ತೆಗೆಯುವ ಕೆಲಸ. ಕಲ್ಲು ಎಲ್ಲಿ ಮುಗಿಯುತ್ತದೋ ಅಲ್ಲಿ ಕೋರೆ ನಿಲ್ಲುತ್ತದೆ, ಅಂದರೆ ಸರಿಯಾಗಿ ಶೇಡಿಯ ತಲೆಯ ಮೇಲೆ!

ಮೇಲಿನಿಂದ ಬೀಳುವುದಾದರೂ ಎಂಥಾ ಮಳೆ? ನಮ್ಮ ಕಡೆ ವರ್ಷಕ್ಕೆ ಮೂರೂವರೆ-ನಾಲ್ಕು ಸಾವಿರ ಮಿಲ್ಲಿಮೀಟರ್, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಲೆಕ್ಕ ಸುಲಭ. ಒಂದು ಎಕ್ರೆಗೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 40 ಸಾವಿರ ಲೀಟರ್. ನಾಲ್ಕು ಸಾವಿರ ಮಿಲ್ಲಿಮೀಟರಿಗೆ ಎಕ್ರೆಗೆ 1 ಕೋಟಿ 60 ಲಕ್ಷ ಲೀಟರ್. ಕಾಡು, ಮುಳಿಹುಲ್ಲು ಇದ್ದ ಗುಡ್ಡೆಯಲ್ಲಿ ಇದರ ದೊಡ್ಡ ಪಾಲು ನಿಧಾನಕ್ಕೆ ಇಂಗುತ್ತಿತ್ತು. ಲಾರಿ ಓಡಿ ಗಟ್ಟಿಯಾದ ಬೋಳು ನೆಲದಲ್ಲಿ ಇಂಗುವುದು ಸ್ವಲ್ಪ, ಓಡುವುದೇ ಹೆಚ್ಚು. ಓಡುವಾಗ ಬರಿಗೈಯಲ್ಲಿ ಹೋಗುವುದಿಲ್ಲ, ಶೇಡಿಯನ್ನೂ ಹೊತ್ತುಕೊಂಡು ಹೋಗುತ್ತದೆ.

ಬಾಟಲಿಯ ಪರೀಕ್ಷೆ

ಹೊಂಡ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಇಂಜಿನಿಯರರ ಹತ್ತಿರ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. ಜೋರು ಮಳೆಯಲ್ಲಿ ಕೋರೆಯಿಂದ ಇಳಿಯುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ಚೆನ್ನಾಗಿ ಕುಲುಕಿ, ಕಿಟಕಿಯಲ್ಲಿಡಿ. ಮರಳು ನೋಡನೋಡುತ್ತಾ ಕೆಳಗೆ ಕೂರುತ್ತದೆ. ನುಣ್ಣನೆ ಗೋಡು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಬಿಳಿ ಶೇಡಿ ಮರುದಿನ ಕಾಫಿ ಕುಡಿಯುವಾಗಲೂ ಹಾಗೇ ತೇಲುತ್ತಿರುತ್ತದೆ.

ಇದರ ಹಿಂದೆ ಖಚಿತ ಲೆಕ್ಕ ಉಂಟು. ಒಂದು ಮೀಟರ್ ಆಳ ಇಳಿಯಲು ನಯ ಮರಳಿಗೆ ಒಂದೆರಡು ನಿಮಿಷ ಸಾಕು. ಅದಕ್ಕಿಂತ ನಯವಾದ ಗೋಡಿಗೆ ಮುಕ್ಕಾಲು ಗಂಟೆಯ ಆಸುಪಾಸು. ಜೇಡಿಯ ಕಣಕ್ಕೆ ನಿಂತ ನೀರಿನಲ್ಲೂ ಮೂರು ದಿನ ಬೇಕು. ಕಣ ಹತ್ತು ಪಾಲು ಸಣ್ಣದಾದರೆ ಅದು ಇಳಿಯುವ ವೇಗ ನೂರು ಪಾಲು ಕಡಿಮೆಯಾಗುತ್ತದೆ.

ಈಗ ಮೂರು ಎಕ್ರೆಯ ನೀರು ಇಳಿಯುವ ಒಂದು ಕೋರೆ ತೆಗೆದುಕೊಳ್ಳೋಣ. ಗಂಟೆಗೆ ಐದು ಸೆಂಟಿಮೀಟರ್ ಮಳೆ ಹೊಡೆದು ಎಲ್ಲವೂ ಓಡಿ ಬಂದರೆ ಸೆಕೆಂಡಿಗೆ ಸುಮಾರು 170 ಲೀಟರ್ ನೀರು. ಇದರಲ್ಲಿರುವ ಗೋಡು ಕೂರಬೇಕಾದರೆ ಹೊಂಡದ ಮೇಲ್ಮೈ ಹೆಚ್ಚುಕಡಿಮೆ 12 ಸೆಂಟ್ಸ್ ಇರಬೇಕು. ಜೇಡಿಯೂ ಕೂರಬೇಕು ಅಂತಾದರೆ ಇದರ ನೂರು ಪಾಲು, ಅಂದರೆ ಸುಮಾರು 12 ಎಕ್ರೆಯ ಹೊಂಡ! ಮೂರು ಎಕ್ರೆ ಕೋರೆಗೆ ಹನ್ನೆರಡು ಎಕ್ರೆ ಹೊಂಡ ಎಲ್ಲಿಂದ ತರುವುದು?

ಈ ಲೆಕ್ಕದಿಂದ ಮೂರು ಪಾಠ ಕಲಿತೆ.

ಒಂದು, ಹೊಂಡ ಆಳವಾದರೆ ಸಾಲದು, ಅಗಲ ಬೇಕು. ಕೋರೆಯವರಿಗೆ ಜಾಗ ಉಳಿಸಲು ಇಷ್ಟ. ಹಾಗಾಗಿ ಬಾವಿಯಂಥ ಹೊಂಡ ತೋಡುತ್ತಾರೆ. ಅದರಲ್ಲಿ ನೀರು ಸುತ್ತಿ ಸುಳಿದು ಕೆಸರನ್ನು ಎಬ್ಬಿಸಿಕೊಂಡೇ ಹೊರಗೆ ಬರುತ್ತದೆ. ಆಳ ಬೇಕಾದದ್ದು ಹೂಳು ತುಂಬಲಿಕ್ಕೆ ಜಾಗ ಇರಲಿ ಅಂತ.

ಎರಡು, ಹೊಂಡಕ್ಕೆ ಬರುವ ನೀರನ್ನೇ ಕಡಿಮೆ ಮಾಡಬೇಕು. ಕೋರೆಗಿಂತ ಮೇಲಿನ ಗುಡ್ಡೆಯ ನೀರು ತಿಳಿಯಾಗಿಯೇ ಇರುತ್ತದೆ. ಅದು ಕೋರೆಯೊಳಗೆ ಬಿದ್ದು ಯಾಕೆ ಕೆಡಬೇಕು? ಕೋರೆಯ ತಲೆಯ ಮೇಲೆ ಒಂದು ಅಡ್ಡಕಣಿ ತೆಗೆದು ಅದನ್ನು ಬದಿಯಿಂದಲೇ ತೋಡಿಗೆ ಇಳಿಸಿದರೆ ಹೊಂಡದ ಹೊರೆ ಎಷ್ಟೋ ಕಡಿಮೆ.

ಮೂರು, ಜೇಡಿಯನ್ನು ಹೊಂಡದಲ್ಲಿ ಹಿಡಿಯುತ್ತೇನೆ ಎಂಬುದು ಸುಳ್ಳು ಧೈರ್ಯ. ಅದು ಎದ್ದ ಮೇಲೆ ಹಿಡಿಯಲಿಕ್ಕಾಗುವುದಿಲ್ಲ, ಏಳದ ಹಾಗೆ ನೋಡಬೇಕು. ಅದಕ್ಕೆ ಇರುವ ಮದ್ದು ಹಸಿರು ಹೊದಿಕೆ ಒಂದೇ.

ಅಕೇಶಿಯಾದಡಿ ಹುಲ್ಲಿಲ್ಲ

ಹಸಿರು ಅಂದ ಕೂಡಲೇ ಎಲ್ಲರೂ ಅಕೇಶಿಯಾ ನೆಡುತ್ತಾರೆ. ಅದು ಬೇಗ ಬೆಳೆಯುತ್ತದೆ, ಫೋಟೋದಲ್ಲಿ ಚೆಂದ ಕಾಣುತ್ತದೆ. ಆದರೆ ಎತ್ತರದ ಮರ ಮಣ್ಣನ್ನು ಕಾಯುವುದಿಲ್ಲ, ನೆಲಕ್ಕೆ ಅಂಟಿಕೊಂಡ ಗಿಡ ಕಾಯುತ್ತದೆ. ಎಲೆಯಿಂದ ಬೀಳುವ ದಪ್ಪ ಹನಿ ಬೋಳು ನೆಲವನ್ನು ಇನ್ನೂ ಜೋರಾಗಿ ಕುಟ್ಟುತ್ತದೆ. ಅಲ್ಲಿ ಮೊದಲು ಬೇಕಾದದ್ದು ಹುಲ್ಲು, ಬಳ್ಳಿ. ಮರ ಆಮೇಲೆ.

ನಮ್ಮ ಮೇಲಿನ ಕೋರೆಯಲ್ಲಿ ಕಳೆದ ನಾಲ್ಕು ವರ್ಷದಿಂದ ನಾನೂ ನೆರೆಮನೆಯ ಪೂಜಾರರೂ ಸೇರಿ ಮಾಡಿದ್ದು ಇಷ್ಟೇ. ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲು ಕೊಟ್ಟೆವು. ನಡುವೆ ಮುಳಿಹುಲ್ಲಿನ ಬೀಜ ಚೆಲ್ಲಿದೆವು. ರಬ್ಬರು ತೋಟದವರಿಂದ ಪ್ಯುರೇರಿಯಾ ಬಳ್ಳಿಯ ಬೀಜ ತಂದು ಮೊದಲ ಮಳೆಗೆ ಹಾಕಿದೆವು. ಅಂಚಿನಲ್ಲಿ ಗೊಬ್ಬರಗಿಡದ ಗೂಟ ನೆಟ್ಟೆವು. ಮೊದಲ ವರ್ಷ ಅರ್ಧಕ್ಕರ್ಧ ಸತ್ತಿತು. ಬರೀ ಶೇಡಿಯಲ್ಲಿ ಏನೂ ಹಿಡಿಯುವುದಿಲ್ಲ. ಎರಡನೇ ವರ್ಷ ಸಾಲಿಗೆ ಒಂದಿಷ್ಟು ಹಟ್ಟಿಗೊಬ್ಬರ, ಮೇಲುಮಣ್ಣು ಕೊಟ್ಟ ಮೇಲೆ ಹಿಡಿಯಿತು. ಹುಲ್ಲು ಹಿಡಿದ ಕಡೆಯಿಂದ ಈಗ ಇಳಿಯುವ ನೀರು ಚಹಾದ ಬಣ್ಣ, ಹಿಡಿಯದ ಕಡೆಯದ್ದು ಇನ್ನೂ ಹಾಲಿನ ಬಣ್ಣ.

ಆಗ ಗೊತ್ತಾಯಿತು ನೋಡಿ, ಕೋರೆ ಸುರುಮಾಡುವಾಗ ಕೆರೆದು ಎಸೆದ ಆ ಒಂದಡಿ ಮೇಲುಮಣ್ಣಿನ ಬೆಲೆ. ಅದನ್ನು ಬದಿಯಲ್ಲಿ ರಾಶಿ ಹಾಕಿ, ಮೇಲೆ ಹುಲ್ಲು ಬೆಳೆಯಲು ಬಿಟ್ಟು, ಕೊನೆಗೆ ವಾಪಸು ಹರಡಿದ್ದರೆ ನಮಗೆ ಎರಡು ವರ್ಷ ಉಳಿಯುತ್ತಿತ್ತು.

"ಗುಂಡಿಯೇ ಕೆರೆಯಾಗಲಿ" ಎನ್ನುವವರಿಗೆ

ಕೋರೆಯ ಗುಂಡಿಯನ್ನು ಮುಚ್ಚುವುದೇ ಬೇಡ, ಅದರಲ್ಲಿ ಮಳೆನೀರು ನಿಲ್ಲಿಸಿದರೆ ಕೆಳಗಿನ ಬಾವಿಗಳಿಗೆ ನೀರು ಬರುತ್ತದೆ ಅಂತ ಹೇಳುವವರುಂಟು. ಮಾತಿನಲ್ಲಿ ಸತ್ಯ ಇದೆ. ನಮ್ಮ ಹಿರಿಯರು ಗುಡ್ಡೆಯ ಮೇಲೆ ಮದಕ ಕಟ್ಟಿ ಮಾಡಿದ್ದೂ ಅದನ್ನೇ. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ನಿಧಾನ ಹರಿದು ಕೆಳಗೆ ಒರತೆಯಾಗಿ ಬರುತ್ತದೆ.

ಆದರೆ ಎಲ್ಲಾ ಗುಂಡಿಯೂ ಮದಕ ಆಗುವುದಿಲ್ಲ. ತಳದಲ್ಲಿ ಇನ್ನೂ ಕಲ್ಲು ಉಳಿದಿದ್ದರೆ, ಸುತ್ತಲಿನ ಬರೆಯೂ ಕಲ್ಲಿನದ್ದಾಗಿದ್ದರೆ ನೀರು ನಿಲ್ಲಿಸಿ. ಶೇಡಿ ಬಿಚ್ಚಿಕೊಂಡ ಗುಂಡಿಯಲ್ಲಿ ಆಳ ನೀರು ನಿಲ್ಲಿಸುವುದು ಬೇಡ, ಅದೂ ಕೆಳಗೆ ಮನೆ ಇರುವಾಗ. ನೀರಿನ ಭಾರಕ್ಕೆ ಬರೆ ಜರಿಯಬಹುದು. ನೀರು ಒಳಗಿಂದೊಳಗೇ ಕೊಳವೆಯ ಹಾಗೆ ದಾರಿ ಕೊರೆದುಕೊಳ್ಳಲೂಬಹುದು. ಪಕ್ಕದ ಕಾಸರಗೋಡು, ಕಣ್ಣೂರು ಜಿಲ್ಲೆಗಳಲ್ಲಿ ಇಂಥ ಕೊಳವೆ ಸವಕಳಿಯನ್ನು ಭೂವಿಜ್ಞಾನಿಗಳು ದಾಖಲಿಸಿದ್ದಾರೆ. ಮೇಲೆ ನೋಡಿದರೆ ನೆಲ ಸರಿಯಾಗಿಯೇ ಇರುತ್ತದೆ, ಒಂದು ದಿನ ಕುಸಿಯುತ್ತದೆ. ಹಾಗಾಗಿ ಕೋರೆಯವರಿಗೆ ಮೊದಲೇ ಹೇಳಬೇಕಾದ ಮಾತು: ಕೊನೆಯ ಒಂದು ವರಸೆ ಕಲ್ಲು ತಳದಲ್ಲೇ ಇರಲಿ. ನಾಲ್ಕು ಕಾಸು ಕಡಿಮೆಯಾದೀತು, ಗುಡ್ಡೆ ಉಳಿದೀತು.

ಇನ್ನೊಂದು ಮಾತು ಹೇಳದಿರಲಾರೆ. ಕಡಿದಾದ ಬರೆಯ, ಬೇಲಿ ಇಲ್ಲದ ಗುಂಡಿಯಲ್ಲಿ ಈಜಲು ಹೋದ ಮಕ್ಕಳ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು? ನೀರು ನಿಲ್ಲಿಸುವುದಾದರೆ ಒಂದು ಬದಿಯನ್ನಾದರೂ ಇಳಿಜಾರು ಮಾಡಿ, ಬಿದ್ದವರು ಹತ್ತಿ ಬರುವ ಹಾಗೆ. ಸುತ್ತ ಬೇಲಿ ಹಾಕಿ. ಇದಕ್ಕೆ ಲೆಕ್ಕ ನೋಡಬಾರದು.

ಹೊಂಡ ಹೀಗಿರಲಿ

ಒಂದೇ ದೊಡ್ಡ ಹೊಂಡಕ್ಕಿಂತ ಸಾಲಾಗಿ ಎರಡು ಅಥವಾ ಮೂರು ಒಳ್ಳೆಯದು. ಮೊದಲನೆಯದು ಸಣ್ಣದು, ಜೇಸಿಬಿ ಇಳಿಯುವ ದಾರಿ ಇರುವಂಥದ್ದು. ಮರಳು, ಚರಳು ಎಲ್ಲ ಅಲ್ಲೇ ನಿಲ್ಲಲಿ. ಎರಡನೆಯದು ಅಗಲ, ಅದು ಗೋಡಿಗೆ.

ನೀರು ಬರುವ ಬಾಯಿ ಒಂದು ತುದಿಯಲ್ಲಿ, ಹೊರಹೋಗುವ ಕೋಡಿ ಇನ್ನೊಂದು ತುದಿಯಲ್ಲಿ. ಉದ್ದ ಅಗಲದ ಮೂರು ಪಾಲಾದರೂ ಇರಲಿ. ನಮ್ಮ ಹಳೆಯ ಹೊಂಡದಲ್ಲಿ ಬಾಯಿಯೂ ಕೋಡಿಯೂ ಒಂದೇ ಬದಿಯಲ್ಲಿದ್ದವು. ನೀರು ಬಂದ ಹಾಗೇ ತಿರುಗಿ ಹೋಗುತ್ತಿತ್ತು, ಮುಕ್ಕಾಲು ಹೊಂಡ ಲೆಕ್ಕಕ್ಕೇ ಇರಲಿಲ್ಲ.

ಕೋಡಿ ದಂಡೆಗಿಂತ ಒಂದೆರಡು ಅಡಿ ತಗ್ಗಿನಲ್ಲಿರಬೇಕು, ಕಲ್ಲು ಹಾಸಿರಬೇಕು. ದಂಡೆ ಒಡೆಯುವುದು ನೀರು ಅದರ ತಲೆಯ ಮೇಲಿನಿಂದ ಹತ್ತಿ ಹರಿದಾಗ. ನಮ್ಮಲ್ಲಿ ಆದದ್ದೂ ಅದೇ. ದಂಡೆಯನ್ನು ಶೇಡಿಯಿಂದ ಕಟ್ಟಬೇಡಿ, ಕೆಂಪು ಮುರಮಣ್ಣನ್ನು ಪದರ ಪದರವಾಗಿ ಗುದ್ದಿ ಕಟ್ಟಿ. ಕೋಡಿಯ ನೀರು ಬೀಳುವಲ್ಲಿಯೂ ಕಲ್ಲು ಹಾಕಿ, ಇಲ್ಲವಾದರೆ ಅದೇ ಹೊಸ ಕೊರಕಲು ಮಾಡುತ್ತದೆ.

ಹೊಂಡದ ನಡುವೆ ಒಂದು ಕಲ್ಲಿನ ಕಂಬ ನೆಟ್ಟು ಅರ್ಧ ಆಳಕ್ಕೆ ಬಣ್ಣದ ಗೆರೆ ಎಳೆಯಿರಿ. ಹೂಳು ಗೆರೆ ಮುಟ್ಟಿತೋ, ತೆಗೆಯಬೇಕು. ಇದಕ್ಕೆ ವಿದ್ಯೆ ಬೇಡ, ದನ ಮೇಯಿಸುವ ಹುಡುಗನೂ ಹೇಳಿಯಾನು.

ವರ್ಷದ ಕೆಲಸ ಇಷ್ಟೇ. ಪತ್ತನಾಜೆಯೊಳಗೆ ಹೂಳು ತೆಗೆಯಬೇಕು, ಅಡ್ಡಕಣಿ ಬಿಡಿಸಬೇಕು. ಮೊದಲ ಜೋರು ಮಳೆಯಲ್ಲಿ ಕೊಡೆ ಹಿಡಿದು ಒಂದು ಸುತ್ತು ಬರಬೇಕು, ಯಾಕೆಂದರೆ ನೀರು ಎಲ್ಲಿ ದಾರಿ ತಪ್ಪುತ್ತದೆ ಅಂತ ಬಿಸಿಲಲ್ಲಿ ತಿಳಿಯುವುದಿಲ್ಲ. ಆಟಿಯಲ್ಲಿ ಇನ್ನೊಮ್ಮೆ ದಂಡೆ ನೋಡಬೇಕು, ಹೆಗ್ಗಣದ ತೂತು, ಬಿರುಕು, ಕೆಳಬದಿಯಲ್ಲಿ ಜಿನುಗು ಉಂಟೋ ಅಂತ. ತೆಗೆದ ಹೂಳನ್ನು ದಂಡೆಯ ಮೇಲೆಯೇ ಪೇರಿಸಿದರೆ ಮೊದಲ ಮಳೆಗೆ ವಾಪಸು ಹೊಂಡಕ್ಕೇ. ನಾವು ಕೋರೆಯ ಬೋಳು ತಳಕ್ಕೆ ಒಯ್ದು ಹರಡಿ, ಮೇಲೆ ಸೊಪ್ಪು, ಗೊಬ್ಬರ ಹಾಕಿ ಹುಲ್ಲು ಹಿಡಿಸುತ್ತೇವೆ. ಶೇಡಿಯನ್ನು "ಹೊಸಮಣ್ಣು" ಅಂತ ಅಡಿಕೆ ಬುಡಕ್ಕೆ ಹಾಕಲು ಹೋಗಬೇಡಿ, ಅದು ಬೇರನ್ನು ಸಿಮೆಂಟಿನ ಹಾಗೆ ಮುಚ್ಚುತ್ತದೆ.

ದೊಡ್ಡ ಗಣಿಗಳು ಕಲಿಸಿದ್ದು

ನಮ್ಮದು ಎರಡು ಮೂರು ಎಕ್ರೆಯ ಕತೆ. ಇದೇ ಕತೆ ದೊಡ್ಡದಾಗಿ ಕುದುರೆಮುಖದಲ್ಲಿ ನಡೆದಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಕಬ್ಬಿಣದ ಅದಿರು ತೆಗೆಯುವುದು ನಿಂತಿತು. ಗಣಿ ಇದ್ದಾಗ ಭದ್ರೆಯ ಕೆಸರನ್ನು ಅಳೆದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಜಲಾನಯನದ ಸಣ್ಣದೊಂದು ಪಾಲಾಗಿದ್ದ ಗಣಿ ಪ್ರದೇಶವೇ ಅರ್ಧಕ್ಕಿಂತ ಹೆಚ್ಚು ಕೆಸರನ್ನು ಕೊಡುತ್ತಿತ್ತು. ಅದಿರು ತೊಳೆದ ಕೆಸರಿಗೆಂದು ಕಟ್ಟಿದ, ಸುಮಾರು ನೂರು ಮೀಟರ್ ಎತ್ತರದ ಲಖ್ಯಾ ಅಣೆಕಟ್ಟು ಇಂದಿಗೂ ನಿಂತಿದೆ. ಗಣಿ ನಿಂತರೂ ಹೊಂಡ ನಿಲ್ಲುವುದಿಲ್ಲ, ಅದನ್ನು ಕಾಯುತ್ತಲೇ ಇರಬೇಕು.

ಬಳ್ಳಾರಿಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಳನ್ನು ನಿಲ್ಲಿಸಿತು. ಮತ್ತೆ ತೆರೆಯಬೇಕಾದರೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬೇಕೆಂದು ಹೇಳಿ, 2013ರ ಏಪ್ರಿಲಿನ ತೀರ್ಪಿನಲ್ಲಿ ಅದನ್ನು ಗಟ್ಟಿ ಮಾಡಿತು. ಮಣ್ಣಿನ ರಾಶಿಗೆ ತಡೆಗೋಡೆ, ಸುತ್ತುಗಾಲುವೆ, ಕೊರಕಲುಗಳಿಗೆ ಕಲ್ಲಿನ ಒಡ್ಡು, ಕೆಸರು ಕೂರುವ ಹೊಂಡ ಎಲ್ಲ ಅದರಲ್ಲಿ ಬಂದವು. ಅಂದರೆ ನೀರಿನ ಕೆಲಸ ಮೊದಲು, ಅದಿರು ಆಮೇಲೆ.

ಅಮೆರಿಕದಲ್ಲಿ ತೆರೆದ ಕಲ್ಲಿದ್ದಲು ಗಣಿಗಳಿಗೆ 1977ರಿಂದ ಒಂದು ಕಾಯಿದೆ ಇದೆ. ಅದರ ನಿಯಮದ ಪ್ರಕಾರ, ನೆಲ ಗಟ್ಟಿಯಾಗಿ ಹಸಿರು ಹಿಡಿಯುವವರೆಗೆ ಕೆಸರುಹೊಂಡವನ್ನು ತೆಗೆಯುವ ಹಾಗಿಲ್ಲ, ಕೊನೆಯ ಬಿತ್ತನೆಯಾಗಿ ಎರಡು ವರ್ಷವಾದರೂ ದಾಟಿರಬೇಕು. ಮಳೆ ಚೆನ್ನಾಗಿರುವ ಕಡೆ ಐದು ವರ್ಷ, ಮಳೆ ಕಡಿಮೆಯ ಕಡೆ ಹತ್ತು ವರ್ಷ ಹಸಿರಿನ ಜವಾಬ್ದಾರಿ ಗಣಿಯವನದ್ದೇ. ಅಷ್ಟರವರೆಗೆ ಅವನ ಠೇವಣಿ ಪೂರ್ತಿ ವಾಪಸಿಲ್ಲ. ಅಲ್ಲಿಯೂ ಎಲ್ಲ ಸರಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಹೊಂಡಕ್ಕೆ ಯಜಮಾನ ಯಾರು ಎಂಬ ಪ್ರಶ್ನೆಗೆ ಕಾಗದದ ಮೇಲಾದರೂ ಉತ್ತರ ಉಂಟು.

ನಾವೇನು ಮಾಡಬಹುದು

ನಮ್ಮಲ್ಲಿಯೂ ಕಾನೂನು ಇಲ್ಲವೆಂದಲ್ಲ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಸಣ್ಣ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. ಆ ಅನುಮತಿ ಪತ್ರದ ಷರತ್ತುಗಳಲ್ಲಿ ಸಾಮಾನ್ಯವಾಗಿ ಸುತ್ತುಕಣಿ, ಕೆಸರುಹೊಂಡ, ಹಸಿರು ಪಟ್ಟಿ ಇರುತ್ತವೆ. ನಿಮ್ಮ ಮೇಲಿನ ಕೋರೆಗೆ ಅಂಥ ಪತ್ರ ಇದೆಯೇ, ಅದರಲ್ಲಿ ಏನು ಬರೆದಿದೆ, ನೋಡಿದ್ದೀರಾ? ಮಾಹಿತಿ ಹಕ್ಕಿನಲ್ಲಿ ಪ್ರತಿ ಕೇಳಿ. ಗಣಿ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಗೂ ಖನಿಜ ಪ್ರತಿಷ್ಠಾನ ಬಂದಿದೆ. ಗಣಿಯಿಂದ ತೊಂದರೆಗೊಳಗಾದ ಊರುಗಳಿಗೇ ಇರುವ ಹಣ ಅದು. ರಸ್ತೆಗೂ ಕಟ್ಟಡಕ್ಕೂ ಬೇಡಿಕೆ ಇಡುವ ನಾವು, ಯಜಮಾನನಿಲ್ಲದ ಹಳೆ ಕೋರೆಗಳ ಹೂಳು ತೆಗೆಯಲಿಕ್ಕೂ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಬರೆಸಿ ಕೇಳಬೇಕಲ್ಲ?

ಇದಕ್ಕಿಂತ ಮೊದಲು ನಮ್ಮ ಕೈಯಲ್ಲೇ ಇರುವುದು ಒಂದಿದೆ. ಗುಡ್ಡೆಯನ್ನು ಕೋರೆಗೆ ಕೊಡುವಾಗ ಅಗ್ರಿಮೆಂಟು ಬರೆಯುತ್ತೇವೆ. ಅದರಲ್ಲಿ ಲಾರಿಗೆಷ್ಟು, ಕಲ್ಲಿಗೆಷ್ಟು ಎಂದು ಬರೆಯುವ ನಾವು ನೀರಿನ ವಿಷಯ ಬರೆಯುವುದಿಲ್ಲ. ಈ ನಾಲ್ಕು ಸಾಲು ಸೇರಿಸಿ: ಮೇಲುಮಣ್ಣನ್ನು ಬೇರೆ ರಾಶಿ ಹಾಕಬೇಕು. ತಳದ ಒಂದು ವರಸೆ ಕಲ್ಲು ಬಿಡಬೇಕು. ಕಲ್ಲು ಕಡಿಯುವ ಮೊದಲೇ ಅಡ್ಡಕಣಿ, ಹೊಂಡ ಆಗಬೇಕು. ಕೋರೆ ನಿಂತ ಮೇಲೆ ಐದು ಮಳೆಗಾಲ ಹೂಳು ತೆಗೆಯಬೇಕು, ಅದಕ್ಕೊಂದು ಮೊತ್ತ ಇಬ್ಬರ ಹೆಸರಿನಲ್ಲೂ ಬ್ಯಾಂಕಿನಲ್ಲಿರಬೇಕು.

"ಇಷ್ಟೆಲ್ಲ ಬರೆದರೆ ಅವ ಬೇರೆ ಗುಡ್ಡೆಗೆ ಹೋಗ್ತಾನೆ ಮಾರಾಯ್ರೆ" ಅಂತ ಮೊನ್ನೆ ಸೊಸೈಟಿಯ ಜಗಲಿಯಲ್ಲಿ ಒಬ್ಬರೆಂದರು. ಹೋಗಬಹುದು. ಊರಿನ ನಾಲ್ಕು ಗುಡ್ಡೆಯವರೂ ಇದನ್ನೇ ಬರೆಸಿದರೆ ಎಲ್ಲಿಗೆ ಹೋಗುತ್ತಾನೆ? ಖರ್ಚೆಂದರೂ ವರ್ಷಕ್ಕೆ ಅರ್ಧ ದಿನದ ಜೇಸಿಬಿ ಬಾಡಿಗೆ. ಸತ್ತ ಒಂದು ಅಡಿಕೆ ಮರದ ಜಾಗದಲ್ಲಿ ಇನ್ನೊಂದು ಮರ ಫಸಲಿಗೆ ಬರಲು ಎಷ್ಟು ವರ್ಷ ಬೇಕು ಅಂತ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಹೊಂಡಕ್ಕೆ ಈಗ ನಾನೂ ಪೂಜಾರರೂ ಯಜಮಾನರು. ಯಾರೂ ನೇಮಿಸಲಿಲ್ಲ, ಬೇರೆ ದಾರಿ ಇರಲಿಲ್ಲ. ಈ ಸಲ ಪತ್ತನಾಜೆಗೆ ಎರಡು ವಾರ ಮೊದಲೇ ಹೂಳು ತೆಗೆಸಿದ್ದೇವೆ. ಕಂಬದ ಗೆರೆ ಚೆನ್ನಾಗಿ ಕಾಣುತ್ತಿದೆ. ನಿಮ್ಮ ಊರಿನ ಹಳೆ ಕೋರೆಯ ಹೊಂಡ ಹೇಗಿದೆ ಅಂತ ಮುಂದಿನ ಮಳೆ ಬರುವ ಮೊದಲು ಒಂದು ಸಂಜೆ ಹತ್ತಿ ನೋಡಿ ಬನ್ನಿ. ಬೇರೆ ಒಳ್ಳೆಯ ಉಪಾಯ ಯಾರಾದರೂ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ, ನಮಗೂ ಬೇಕು.